ರಕ್ತಕಣಗಳ ಗುರುತು ಹಿಡಿಯುವ ಬಣ್ಣಗಳು

ರಕ್ತದ ಕ್ಯಾನ್ಸರಿನ ಶಂಕೆ ಉಂಟಾದಾಗ ತಜ್ಞರು ‘ಫ್ಲೋ ಸೈಟೋಮೆಟ್ರಿ’ ಎಂಬ ಪರೀಕ್ಷೆಯನ್ನು ಬರೆದುಕೊಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿಯಾದ ಮೇಲೂ ಮತ್ತೊಂದು ಪರೀಕ್ಷೆ ಏತಕ್ಕೆ ಎಂದು ರೋಗಿಯ ಮನೆಯವರು ನಮ್ಮನ್ನು ಕೇಳುವುದುಂಟು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎಳೆಯ ಕಣಗಳು ಬೇರೆ ಬೇರೆ ಬಗೆಯವಾಗಿರಬಹುದು. ಬಗೆ ಬೇರೆಯಾದರೆ ಚಿಕಿತ್ಸೆಯೂ ಬೇರೆ.

ಪ್ರತಿಯೊಂದು ರಕ್ತಕಣದ ಮೇಲ್ಮೈಯಲ್ಲಿ ಗುರುತಿನ ಅಣುಗಳಿರುತ್ತವೆ. ಸಿಡಿ3 ಇದ್ದರೆ ಅದು ಟಿ ಕಣ, ಸಿಡಿ19 ಇದ್ದರೆ ಬಿ ಕಣ. ಒಂದೇ ಅಣುವನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ಪ್ರಕಟಿಸಿದರು; 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಜೋಡಿಸಿ, ಕಣಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿದರೆ, ಹೊಮ್ಮುವ ಬೆಳಕು ಕಣದ ಗುರುತನ್ನು ತಿಳಿಸುತ್ತದೆ.

ತೊಡಕಿರುವುದು ಬಣ್ಣಗಳಲ್ಲಿ. ಫ್ಲೋರೆಸೀನ್ ಎಂಬ ಹಸಿರು ಬಣ್ಣದ ಬೆಳಕು ಸುಮಾರು 520 ನ್ಯಾನೋಮೀಟರಿನಲ್ಲಿ ಪ್ರಖರವಾಗಿರುತ್ತದೆ. ಕೆಂಪು ಪಾಚಿಯಿಂದ ಪಡೆಯುವ ಫೈಕೋಎರಿಥ್ರಿನ್ ಸುಮಾರು 575ರಲ್ಲಿ ಹೊಳೆಯುತ್ತದೆ. ಆದರೆ ಒಂದರ ಬೆಳಕು ಇನ್ನೊಂದರ ಎಲ್ಲೆಯೊಳಕ್ಕೂ ಹರಿಯುತ್ತದೆ. ಎರಡೇ ಬಣ್ಣಗಳಾದರೆ ಲೆಕ್ಕಮಾಡಿ ಕಳೆಯಬಹುದು. 2020ರಲ್ಲಿ ಒಂದೇ ನಳಿಕೆಯಲ್ಲಿ 40 ಬಣ್ಣಗಳನ್ನು ಬಳಸುವ ಕ್ರಮ ಪ್ರಕಟವಾಯಿತು. 40 ಬಣ್ಣಗಳಲ್ಲಿ ಪರಸ್ಪರ ಹೋಲಿಸಬೇಕಾದ ಜೋಡಿಗಳು 780! ಇದನ್ನು ಮನಸ್ಸಿನಲ್ಲೇ ತೂಗಿನೋಡುವುದು ಯಾರಿಂದಲೂ ಆಗದು.

ಆದುದರಿಂದಲೇ ಫ್ಲೋರೋಫೈಂಡರ್‌ನಂತಹ ತಂತ್ರಾಂಶಗಳು ಬಂದಿವೆ. ಯಂತ್ರದಲ್ಲಿರುವ ಲೇಸರ್‌ಗಳು ಯಾವುವು, ಹುಡುಕಬೇಕಾದ ಗುರುತುಗಳು ಯಾವುವು ಎಂಬುದನ್ನು ತಿಳಿಸಿದರೆ, ಯಾವ ಪ್ರತಿಕಾಯಕ್ಕೆ ಯಾವ ಬಣ್ಣ ಹೊಂದುತ್ತದೆಂದು ಆರಿಸಲು ಅವು ನೆರವಾಗುತ್ತವೆ. ಇಲ್ಲಿನ ಮೂಲಸೂತ್ರ ಸರಳ: ವಿರಳವಾದ ಗುರುತಿಗೆ ಪ್ರಖರವಾದ ಬಣ್ಣ, ಹೇರಳವಾದುದಕ್ಕೆ ಮಂದವಾದ ಬಣ್ಣ, ಒಂದೇ ಕಣದ ಮೇಲೆ ಕೂಡಿ ಬರುವ ಗುರುತುಗಳಿಗೆ ಒಂದರೊಳಗೊಂದು ಬೆರೆಯದ ಬಣ್ಣಗಳು.

ಚಿಕಿತ್ಸೆಯ ಅನಂತರ 10,000 ಕಣಗಳಲ್ಲಿ ಉಳಿದಿರುವ ಒಂದು ರೋಗಕಣವನ್ನೂ ಈ ಪರೀಕ್ಷೆಯಿಂದ ಹುಡುಕುತ್ತಾರೆ. ಬಣ್ಣದ ಆಯ್ಕೆ ಕೆಟ್ಟರೆ ಆ ಕಣ ಮರೆಯಾಗಬಹುದು, ಅಥವಾ ಇಲ್ಲದ್ದು ಇದ್ದಂತೆ ತೋರಬಹುದು. ತಂತ್ರಾಂಶ ಸಲಹೆಯನ್ನಷ್ಟೇ ಕೊಡುತ್ತದೆ. ಸತ್ಯಾಸತ್ಯವನ್ನು ನಿರ್ಣಯಿಸುವುದು ಪ್ರಯೋಗಾಲಯ. ಒಂದೊಂದು ಬಣ್ಣವನ್ನು ಬಿಟ್ಟು ಪರೀಕ್ಷಿಸಿ, ವ್ಯತ್ಯಾಸವನ್ನು ಅಳೆಯುವ ಕ್ರಮ ಇದಕ್ಕಾಗಿಯೇ ಇದೆ. ಯುರೋಪಿನ ‘ಯೂರೋಫ್ಲೋ’ ತಂಡವು 2012ರಲ್ಲಿ ಪ್ರಕಟಿಸಿದ 8 ಬಣ್ಣಗಳ ಮಾದರಿಗಳು ಕೂಡ ಹಲವು ಪ್ರಯೋಗಾಲಯಗಳಲ್ಲಿ ಮರಳಿ ಮರಳಿ ಪರೀಕ್ಷೆಗೆ ಒಳಗಾದವು.

ವಾಚಕರು ತಿಳಿದಿರಬೇಕಾದುದು ಇಷ್ಟು. ಇದು ಜೀವಂತ ಕಣಗಳ ಪರೀಕ್ಷೆ. ವಿಳಂಬವಾದರೆ ಕಣಗಳು ಸಾಯುತ್ತವೆ. ಸತ್ತ ಕಣಗಳಿಗೆ ಪ್ರತಿಕಾಯಗಳು ವೃಥಾ ಅಂಟಿಕೊಂಡು ತಪ್ಪು ಬೆಳಕು ಕಾಣಿಸುತ್ತದೆ. ಮಾದರಿಯನ್ನು ಪ್ರಯೋಗಾಲಯ ಹೇಳಿದ ಸಮಯದೊಳಗೆ, ಹೇಳಿದ ರೀತಿಯಲ್ಲೇ ತಲುಪಿಸಬೇಕು. ಅದುವರೆಗೆ ಸೇವಿಸಿದ ಔಷಧಗಳೆಲ್ಲವನ್ನೂ, ನಾವು ಕೊಡುವ ಆಯುರ್ವೇದ ಔಷಧಗಳನ್ನು ಸಹ, ಮುಚ್ಚಿಡದೆ ತಜ್ಞರಿಗೆ ತಿಳಿಸಬೇಕು. ವಿಶೇಷವಾಗಿ ಸ್ಟೆರಾಯ್ಡ್ ಸೇವನೆಯಿಂದ ರೋಗಕಣಗಳು ತಾತ್ಕಾಲಿಕವಾಗಿ ಕುಗ್ಗಿ, ರೋಗನಿರ್ಣಯ ತಪ್ಪಿಹೋಗುವ ಸಂಭವವಿದೆ. ಹೆಸರು ತಿಳಿಯದ ಪುಡಿ, ಗುಳಿಗೆಗಳನ್ನು ಸೇವಿಸಿದ್ದರೆ ಅವುಗಳನ್ನೇ ಕೊಂಡೊಯ್ದು ತೋರಿಸುವುದು ಲೇಸು.