ಒಂದು ಸೀಸೆ, 19 ಜೀವ: ಲಸಿಕೆಯ ಶುದ್ಧತೆಯನ್ನು ಕಾಯುವುದು ಹೇಗೆ?

ಪ್ರಾಕ್ಟಿಕಲ್ ಮಾಡುವಾಗ ಕೈಯಲ್ಲಿದ್ದ ಫೋರ್ಸೆಪ್ಸ್ ನೆಲಕ್ಕೆ ಬಿದ್ದರೆ ನಾವು ಏನು ಮಾಡುತ್ತೇವೆ? ಎತ್ತಿಕೊಂಡು, ಒರೆಸಿ, ಕೆಲಸ ಮುಂದುವರಿಸುತ್ತೇವೆ. ನಮ್ಮ ಲ್ಯಾಬ್‌ನಲ್ಲಿ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ 1902ರಲ್ಲಿ ಪಂಜಾಬಿನ ಒಂದು ಹಳ್ಳಿಯಲ್ಲಿ ಹೀಗೆ ನೆಲಕ್ಕೆ ಬಿದ್ದ ಒಂದು ಫೋರ್ಸೆಪ್ಸ್, 19 ಜನರ ಸಾವಿನ ವಿಚಾರಣೆಯಲ್ಲಿ ಮುಖ್ಯ ಪ್ರಶ್ನೆಯಾಯಿತು. ಲಸಿಕೆ ತಯಾರಿಕೆಯಲ್ಲಿ ಇಂದು ಅಷ್ಟೊಂದು ಕಟ್ಟುನಿಟ್ಟು ಏಕೆ ಎಂಬುದನ್ನು ತಿಳಿಯಲು ಆ ಘಟನೆಯಿಂದಲೇ ಆರಂಭಿಸಬಹುದು.

ಮುಲ್ಕೋವಾಲ್‌ನಲ್ಲಿ ನಡೆದದ್ದು

1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ ಕೆಲವೇ ವರ್ಷಗಳಲ್ಲಿ ದೇಶದ ಹಲವೆಡೆ ಹರಡಿತು. 1898ರಲ್ಲಿ ನಮ್ಮ ಹುಬ್ಬಳ್ಳಿ, ಬೆಂಗಳೂರುಗಳೂ ಅದರ ಹೊಡೆತಕ್ಕೆ ಸಿಕ್ಕವು. ಇದಕ್ಕೆ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಈ ಯಹೂದಿ ವಿಜ್ಞಾನಿ 1897ರ ಜನವರಿ 10ರಂದು ಆ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜನ ಹೆದರಿ ಹಿಂಜರಿಯುತ್ತಿದ್ದಾಗ ಮೂರನೇ ಆಗಾಖಾನ್ ಎಲ್ಲರೆದುರು ಲಸಿಕೆ ಹಾಕಿಸಿಕೊಂಡು ತಮ್ಮ ಸಮುದಾಯದವರಿಗೆ ಧೈರ್ಯ ತುಂಬಿದರು.

1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಸುಮಾರು ಒಂದು ವಾರದಲ್ಲಿ ಅವರ ಪೈಕಿ 19 ಜನರಿಗೆ ಧನುರ್ವಾಯು ಬಂತು. ಹತ್ತೊಂಬತ್ತೂ ಜನ ತೀರಿಕೊಂಡರು. ಅವರೆಲ್ಲರಿಗೂ ಲಸಿಕೆ ಹಾಕಿದ್ದು ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಲಸಿಕೆ ಪಡೆದ 88 ಜನರಿಗೆ ಏನೂ ಆಗಲಿಲ್ಲ.

ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿ ಬ್ಯಾಕ್ಟೀರಿಯಾದ ಸ್ಪೋರ್‌ಗಳು ಮಣ್ಣಿನಲ್ಲಿರುತ್ತವೆ. ಅವು ಆ ಸೀಸೆಗೆ ಹೋದದ್ದು ಎಲ್ಲಿ? ಮುಂಬೈಯ ಪ್ರಯೋಗಾಲಯದಲ್ಲೋ, ಹಳ್ಳಿಯಲ್ಲಿ ಸೀಸೆ ತೆರೆದಾಗಲೋ? ಸರ್ಕಾರ ನೇಮಿಸಿದ ಆಯೋಗವು ಪ್ರಯೋಗಾಲಯದತ್ತ ಬೆರಳು ತೋರಿಸಿತು. ಹಾಫ್‌ಕಿನ್ ಲಸಿಕೆಯಲ್ಲಿ ಕಾರ್ಬಾಲಿಕ್ ಆಮ್ಲ, ಅಂದರೆ ನಾವು ಕೆಮಿಸ್ಟ್ರಿಯಲ್ಲಿ ಓದುವ ಫೀನಾಲ್ ಬಳಸುವುದನ್ನು ಬಿಟ್ಟಿದ್ದು ತಪ್ಪು ಎಂದಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು.

ಆದರೆ ಸಾಕ್ಷ್ಯ ಬೇರೆಯೇ ಹೇಳುತ್ತಿತ್ತು. ಸೀಸೆಯ ಬಿರಡೆ ತೆಗೆಯಲು ಬಳಸಿದ ಫೋರ್ಸೆಪ್ಸ್ ನೆಲಕ್ಕೆ ಬಿದ್ದಿತ್ತು. ಸಹಾಯಕ ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಿದ್ದ. ಟೆಟನಸ್ ಬ್ಯಾಕ್ಟೀರಿಯಾ ಮುಚ್ಚಿದ ಸೀಸೆಯಲ್ಲಿ ಅನೇಕ ದಿನ ಬೆಳೆದಿದ್ದರೆ ತೆರೆದಾಗ ಕೆಟ್ಟ ವಾಸನೆ ಬರಬೇಕಿತ್ತು. ಅಂಥ ವಾಸನೆ ಇರಲಿಲ್ಲ. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಇದನ್ನೆಲ್ಲ ಎತ್ತಿ ತೋರಿಸಿದ ಮೇಲೆ ಹಾಫ್‌ಕಿನ್ ದೋಷಮುಕ್ತರಾದರು. ಅವರು ಕಟ್ಟಿದ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರು ಇಡಲಾಯಿತು. ಆದರೆ ಐದು ವರ್ಷ ಒಬ್ಬ ವಿಜ್ಞಾನಿ ಕಳಂಕ ಹೊತ್ತಿದ್ದ. ಹತ್ತೊಂಬತ್ತು ಮನೆಗಳಿಗೆ ಹೋದವರು ಮರಳಿ ಬರಲಿಲ್ಲ.

ಕೊನೆಯ ಪರೀಕ್ಷೆಯೊಂದೇ ಸಾಲದು

ಹಾಗಾದರೆ ಪ್ರತಿ ಸೀಸೆಯನ್ನೂ ಪರೀಕ್ಷಿಸಿ ಕಳಿಸಬಹುದಲ್ಲ ಎಂದು ಕೇಳಬಹುದು. ಪರೀಕ್ಷೆಗಾಗಿ ತೆರೆದ ಸೀಸೆಯನ್ನು ಮತ್ತೆ ಯಾರಿಗೂ ಕೊಡುವಂತಿಲ್ಲ. ಆದ್ದರಿಂದ ಮಾದರಿಗಳನ್ನಷ್ಟೇ ಪರೀಕ್ಷಿಸಬಹುದು. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. 10,000 ಸೀಸೆಗಳ ಬ್ಯಾಚ್‌ನಲ್ಲಿ ಒಂದೇ ಒಂದು ಕೆಟ್ಟಿದೆ ಎಂದುಕೊಳ್ಳಿ. 20 ಸೀಸೆ ತೆಗೆದು ನೋಡಿದರೆ ಅದು ಸಿಕ್ಕಿಬೀಳುವ ಸಾಧ್ಯತೆ 500ರಲ್ಲಿ ಒಂದು ಮಾತ್ರ!

ಹಾಗಾಗಿ ನಿಯಂತ್ರಕರು ಲಸಿಕೆಯನ್ನಷ್ಟೇ ಅಲ್ಲ, ಅದನ್ನು ತಯಾರಿಸುವ ರೀತಿಯನ್ನೂ ಪರೀಕ್ಷಿಸುತ್ತಾರೆ. ಸೀಸೆ ತುಂಬುವ ಕೋಣೆಗೆ ಬರುವ ಗಾಳಿ ಸೂಕ್ಷ್ಮ ಫಿಲ್ಟರ್‌ಗಳ ಮೂಲಕವೇ ಬರಬೇಕು. ಕೆಲಸಗಾರರ ಉಡುಪು, ಕೈಗವಸುಗಳ ಮೇಲೂ ನಿಗಾ ಇರುತ್ತದೆ. ಆಗಾಗ ಲಸಿಕೆಯ ಬದಲು ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವ ಪೋಷಕ ದ್ರವವನ್ನೇ ಸೀಸೆಗಳಿಗೆ ತುಂಬಿ, ಅದು ಕೆಡುತ್ತದೆಯೇ ಎಂದು ಕಾದು ನೋಡುತ್ತಾರೆ. ಕೆಟ್ಟರೆ ಎಲ್ಲೋ ಲೋಪವಿದೆ ಎಂದರ್ಥ.

ಲಸಿಕೆ ಸಿದ್ಧವಾದ ಮೇಲೆ ಮಾದರಿಗಳನ್ನು 14 ದಿನ ಪೋಷಕ ದ್ರವಗಳಲ್ಲಿಟ್ಟು ನೋಡುತ್ತಾರೆ. ಅವುಗಳಲ್ಲಿ ಒಂದು ದ್ರವ, ಟೆಟನಸ್‌ನಂತೆ ಆಮ್ಲಜನಕವಿಲ್ಲದೆ ಬೆಳೆಯುವ ಜೀವಿಗಳನ್ನೂ ಹಿಡಿಯಬಲ್ಲದು. ನಮ್ಮ ದೇಶದಲ್ಲಿ ಕಂಪನಿಯ ಪರೀಕ್ಷೆಯ ಜೊತೆಗೆ ಹಿಮಾಚಲ ಪ್ರದೇಶದ ಕಸೌಲಿಯಲ್ಲಿರುವ ಕೇಂದ್ರೀಯ ಔಷಧ ಪ್ರಯೋಗಾಲಯವೂ ಲಸಿಕೆಯ ಬ್ಯಾಚ್‌ಗಳನ್ನು ಪರಿಶೀಲಿಸುತ್ತದೆ.

2018ರ ಪೋಲಿಯೊ ಹನಿ ಪ್ರಕರಣ

ಇಷ್ಟೆಲ್ಲ ಇದ್ದರೂ ತಪ್ಪುಗಳು ನಡೆಯುತ್ತವೆ. ಪೋಲಿಯೊ ವೈರಸ್‌ನಲ್ಲಿ ಮೂರು ಬಗೆ. ಎರಡನೇ ಬಗೆಯ ವೈರಸ್ ಪ್ರಪಂಚದಿಂದ ನಿರ್ಮೂಲವಾದ ಕಾರಣ, 2016ರ ಏಪ್ರಿಲ್‌ನಲ್ಲಿ ಅದನ್ನು ಬಾಯಿಗೆ ಹಾಕುವ ಹನಿಯಿಂದ ತೆಗೆಯಲಾಯಿತು. ಆದರೆ 2018ರಲ್ಲಿ ಉತ್ತರ ಪ್ರದೇಶದಲ್ಲಿ ಪರೀಕ್ಷಿಸಿದ ಚರಂಡಿ ನೀರು ಮತ್ತು ಮಲದ ಮಾದರಿಗಳಲ್ಲಿ ಅದೇ ಎರಡನೇ ಬಗೆ ಮತ್ತೆ ಕಾಣಿಸಿತು. ಹುಡುಕುತ್ತಾ ಹೋದಾಗ ಗಾಜಿಯಾಬಾದಿನ ಒಂದು ಕಂಪನಿಯ ಹನಿಯಲ್ಲಿ ಅದು ಬೆರೆತಿರುವುದು ಪತ್ತೆಯಾಯಿತು. ಇಲ್ಲಿ ಸೇರಿದ್ದು ಮಣ್ಣಲ್ಲ, ಹಳೆಯ ಲಸಿಕೆಯ ವೈರಸ್.

ಔಷಧ ನಿಯಂತ್ರಕರು ಕಂಪನಿಯ ತಯಾರಿಕೆ, ಮಾರಾಟಗಳನ್ನು ನಿಲ್ಲಿಸಿದರು. ಬ್ಯಾಚ್‌ಗಳನ್ನು ಹಿಂದಕ್ಕೆ ಪಡೆಯಲಾಯಿತು. ಪೊಲೀಸ್ ಪ್ರಕರಣ ದಾಖಲಾಗಿ ಕಂಪನಿಯ ಮುಖ್ಯಸ್ಥರ ಬಂಧನವೂ ಆಯಿತು. ಆ ಹನಿಗಳು ಅಷ್ಟರಲ್ಲಾಗಲೇ ಮಕ್ಕಳ ಬಾಯಿಗೆ ಬಿದ್ದಿದ್ದವು ಎಂಬುದು ಸಣ್ಣ ವಿಷಯವಲ್ಲ. ಆದರೆ ಮುಲ್ಕೋವಾಲ್‌ನಲ್ಲಿ ಸಾವು ಬಂದ ಮೇಲೆ ತಿಳಿಯಿತು, ಇಲ್ಲಿ ಚರಂಡಿ ನೀರೇ ಮೊದಲು ಸುಳಿವು ಕೊಟ್ಟಿತು. ಯಾವ ಕಂಪನಿ, ಯಾವ ಬ್ಯಾಚ್, ಯಾವ ರಾಜ್ಯಕ್ಕೆ ಹೋಗಿದೆ ಎಂಬ ದಾಖಲೆ ಇದ್ದುದರಿಂದಲೇ ಉಳಿದವುಗಳನ್ನು ತಡೆಯಲು ಸಾಧ್ಯವಾಯಿತು.

ನಾವು ಗಮನಿಸಬೇಕಾದದ್ದು

ಲಸಿಕೆಯಲ್ಲಿ ಎಂದೂ ತಪ್ಪಾಗುವುದಿಲ್ಲ ಎಂದು ಹೇಳಿ ಜನರ ನಂಬಿಕೆ ಗಳಿಸಲಾಗದು. ಒಂದು ತಪ್ಪನ್ನು ಹಿಡಿದು ಎಲ್ಲ ಲಸಿಕೆಯೂ ವಿಷ ಎನ್ನುವುದೂ ಸರಿಯಲ್ಲ. ತಪ್ಪಾದರೆ ಅದನ್ನು ಪತ್ತೆಹಚ್ಚಿ, ಒಪ್ಪಿಕೊಂಡು, ತಡೆಯುವ ವ್ಯವಸ್ಥೆ ಇದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಮುಂದಿನ ಬಾರಿ ಮನೆಯ ಮಗುವನ್ನು ಲಸಿಕೆಗೆ ಕರೆದೊಯ್ದಾಗ ಗಮನಿಸಿ. ದಡಾರ-ರುಬೆಲ್ಲಾ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಬೆರೆಸಿದ ಸಮಯವನ್ನು ಸಿಸ್ಟರ್ ಸೀಸೆಯ ಮೇಲೆ ಬರೆಯುತ್ತಾರೆ. ನಾಲ್ಕು ಗಂಟೆ ಕಳೆದರೆ, ಒಳಗೆ ಲಸಿಕೆ ಉಳಿದಿದ್ದರೂ ಅದನ್ನು ಬಳಸುವುದಿಲ್ಲ. ಅದನ್ನು ನೋಡಿ ದಂಡ ಎನ್ನಬೇಡಿ. ತೆರೆದ ಸೀಸೆಯೊಳಗೆ ಏನು ಸೇರಬಹುದು ಎಂಬುದು ಮುಲ್ಕೋವಾಲ್‌ನ 19 ಜನರ ಸಾವಿನಿಂದ ನಮಗೆ ಗೊತ್ತಿದೆ.