ಹುಲಿ ಓಡುವಾಗ ಕ್ಯಾಮೆರಾ ಎಲ್ಲಿತ್ತು?

ಮನೆಮಂದಿಯೆಲ್ಲ ಕೂತು ಕಾಡುಪ್ರಾಣಿಗಳ ಚಿತ್ರ ನೋಡುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲ, ಹುಲಿ ಇಷ್ಟು ಹತ್ತಿರ ಇದೆಯಲ್ಲ, ಕ್ಯಾಮೆರಾದವನು ಎಲ್ಲಿದ್ದ?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಇದೆಲ್ಲ ನಿಜವೋ, ಕಂಪ್ಯೂಟರ್‌ನಲ್ಲಿ ಮಾಡಿದ್ದೋ?" ಉತ್ತರ ಗೊತ್ತಾದರೆ ನೋಡುವ ಖುಷಿ ಹೊರಟುಹೋಗುತ್ತದೆ ಎಂದು ಕೆಲವರಿಗೆ ಅಳುಕು. ನನಗಂತೂ ತಿಳಿದುಕೊಂಡ ಮೇಲೆಯೇ ಈ ಚಿತ್ರಗಳ ರುಚಿ ಹತ್ತಿದ್ದು.

ವನ್ಯಜೀವಿ ಸಾಕ್ಷ್ಯಚಿತ್ರ ಎಂದರೆ ಕಾಡಿನಲ್ಲಿ ಕ್ಯಾಮೆರಾ ಇಟ್ಟು, ಸಿಕ್ಕಿದ್ದನ್ನು ಹಾಗೆಯೇ ತೋರಿಸುವುದಲ್ಲ. ವರ್ಷಗಟ್ಟಲೆ ಚಿತ್ರೀಕರಿಸಿ, ಅದರಲ್ಲಿ ಬಹುಪಾಲನ್ನು ಪಕ್ಕಕ್ಕಿಟ್ಟು, ಉಳಿದ ತುಣುಕುಗಳನ್ನು ಒಂದು ಕಥೆಯಾಗುವಂತೆ ಜೋಡಿಸುತ್ತಾರೆ. ನಮ್ಮದೇ 'ವೈಲ್ಡ್ ಕರ್ನಾಟಕ'ವನ್ನು ನೋಡಿ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ ಈ ಚಿತ್ರಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಪರದೆಯ ಮೇಲೆ ಅದು ಒಂದು ಗಂಟೆಯೂ ಇಲ್ಲ.

ಈಗ ಕ್ಯಾಮೆರಾದವನ ವಿಷಯ. ಹೆಚ್ಚಿನ ಸಲ ಅವನು ಪ್ರಾಣಿಯಿಂದ ತುಂಬಾ ದೂರದಲ್ಲಿರುತ್ತಾನೆ. ಅವನ ಕೈಯಲ್ಲಿರುವುದು ಟೆಲಿಫೋಟೊ ಲೆನ್ಸ್, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಮಸೂರ. ಸಫಾರಿ ಜೀಪುಗಳನ್ನು ದಿನಾ ನೋಡುವ ಕಾಡುಗಳಲ್ಲಿ ಹುಲಿ, ಆನೆಗಳು ವಾಹನಕ್ಕೆ ಒಗ್ಗಿಹೋಗಿರುತ್ತವೆ. ಅಲ್ಲಿ ಜೀಪಿನಿಂದಲೇ ಕೆಲಸ ನಡೆಯುತ್ತದೆ. ನಾಚಿಕೆ ಸ್ವಭಾವದ ಹಕ್ಕಿಗಳಿಗಾದರೆ ಬಟ್ಟೆ, ಸೊಪ್ಪುಗಳಿಂದ ಮರೆ ಕಟ್ಟಿ ಅದರೊಳಗೆ ಕೂರಬೇಕು. ಇದನ್ನು ಹೈಡ್ ಎನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಒಳಗೆ ಸೇರಿದವರು ಕತ್ತಲಾದ ಮೇಲೆ ಹೊರಬರುವುದೂ ಉಂಟು.

ಮನುಷ್ಯ ಸುಳಿದರೆ ಮಾಯವಾಗುವ ಪ್ರಾಣಿಗಳೂ ಇವೆ. ಹಿಮಚಿರತೆ ಅಂಥದ್ದು. ಬಿಬಿಸಿಯ 'ಪ್ಲಾನೆಟ್ ಅರ್ಥ್ 2' ಸರಣಿಗೆ ಲಡಾಖ್‌ನಲ್ಲಿ ಅದನ್ನು ಸೆರೆಹಿಡಿಯಲು, ಅದು ಓಡಾಡುವ ಬಂಡೆಗಳ ಸಂದಿಯಲ್ಲಿ ಕ್ಯಾಮೆರಾಗಳನ್ನು ಇಟ್ಟು ಬಂದರು. ಎದುರಿಗೆ ಏನಾದರೂ ಅಲುಗಾಡಿದರೆ ತಾನೇ ಚಾಲೂ ಆಗುವ ಕ್ಯಾಮೆರಾ ಅದು. ಚಿತ್ರ ತೆಗೆದ ಹೊತ್ತಿನಲ್ಲಿ ಅಲ್ಲಿ ಮನುಷ್ಯರೇ ಇರಲಿಲ್ಲ. ಇನ್ನು, 2006ರ ಮೊದಲ 'ಪ್ಲಾನೆಟ್ ಅರ್ಥ್'ನಲ್ಲಿ ಆಫ್ರಿಕಾದ ಕಾಡುನಾಯಿಗಳ ಬೇಟೆಯನ್ನು ಹೆಲಿಕಾಪ್ಟರ್‌ನಿಂದ ತೆಗೆದರು. ಹೆಲಿಕಾಪ್ಟರ್ ಎಷ್ಟೇ ಅದುರಿದರೂ ಚಿತ್ರ ಅಲುಗದಂತೆ ಹಿಡಿಯುವ ಸಾಧನ ಅಷ್ಟರಲ್ಲಿ ಬಂದಿತ್ತು. ಹಾಗಾಗಿ ಬಹಳ ಎತ್ತರದಿಂದಲೇ ಇಡೀ ಹಿಂಡಿನ ಓಟ ಸಿಕ್ಕಿತು. ಈಗ ಅಂಥ ಕೆಲಸವನ್ನು ಎಷ್ಟೋ ಕಡೆ ಡ್ರೋನ್ ಮಾಡುತ್ತದೆ.

ದೊಡ್ಡ ಪ್ರಾಣಿಗಳೇ ಬೇಕೆಂದಿಲ್ಲ. ಉತ್ತರ ಕನ್ನಡದ ಕಾಡುತೊರೆಗಳಲ್ಲಿ ಕುಂಬಾರ ಕಪ್ಪೆ ಎಂಬುದೊಂದಿದೆ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ದಾಖಲಿಸಿದ್ದು 2014ರಲ್ಲಿ. ನೀರಿನ ಮೇಲಕ್ಕೆ ಚಾಚಿದ ಕಡ್ಡಿಯ ಮೇಲೋ ಕಲ್ಲಿನ ಮೇಲೋ ಮೊಟ್ಟೆಗಳು ಅಂಟಿರುತ್ತವೆ. ಗಂಡು ಕಪ್ಪೆ ಮುಂಗೈಗಳಿಂದ ಕೆಸರು ಎತ್ತಿಕೊಂಡು, ಹಿಂಗಾಲಿನ ಮೇಲೆ ನಿಂತು, ಅವುಗಳ ಮೇಲೆ ಮೆತ್ತುತ್ತದೆ. ಮತ್ತೆ ಕೆಸರು, ಮತ್ತೆ ಮೆತ್ತುವುದು. ಇದೆಲ್ಲ ನಡೆಯುವುದು ಮಳೆಗಾಲದ ರಾತ್ರಿ. ಇದನ್ನು ಹಿಡಿಯಲು ಮ್ಯಾಕ್ರೊ ಲೆನ್ಸ್ ಬೇಕು, ಅಂದರೆ ಚಿಕ್ಕದ್ದನ್ನು ದೊಡ್ಡದಾಗಿ ತೋರಿಸುವ ಮಸೂರ. ಜೊತೆಗೆ ಇನ್‌ಫ್ರಾರೆಡ್ ದೀಪ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ರಾತ್ರಿಯ ಎಷ್ಟೋ ದೃಶ್ಯಗಳು ಕಪ್ಪು–ಬಿಳುಪಾಗಿರುವುದು ಇದೇ ಕಾರಣಕ್ಕೆ.

ಸ್ಲೋ ಮೋಷನ್ ಹೇಗೆ ಎನ್ನುತ್ತೀರಾ? ನಮ್ಮ ಟಿವಿ ಸೆಕೆಂಡಿಗೆ 25 ಚಿತ್ರಗಳನ್ನು ತೋರಿಸುತ್ತದೆ. ಕ್ಯಾಮೆರಾ ಸೆಕೆಂಡಿಗೆ 1000 ಚಿತ್ರ ತೆಗೆದಿದ್ದರೆ, ಮಿಂಚುಳ್ಳಿ ನೀರಿಗೆ ಬೀಳುವ ಒಂದು ಸೆಕೆಂಡು ನಿಮ್ಮ ಮನೆಯಲ್ಲಿ 40 ಸೆಕೆಂಡು ನಡೆಯುತ್ತದೆ. ಟೈಮ್ ಲ್ಯಾಪ್ಸ್ ಇದಕ್ಕೆ ತಿರುಗುಮುರುಗು. ಕೆಲವು ನಿಮಿಷಕ್ಕೊಂದರಂತೆ ಚಿತ್ರ ತೆಗೆದು ಒಟ್ಟಿಗೆ ಓಡಿಸಿದರೆ ಅಣಬೆ ಕಣ್ಣೆದುರೇ ಕೊಡೆ ಬಿಚ್ಚುತ್ತದೆ.

ಹಾಗಾದರೆ ಎಲ್ಲವೂ ನಿಜವೇ? ಚಿತ್ರ ಬಹುಮಟ್ಟಿಗೆ ನಿಜ. ಸದ್ದು ಬಹುಮಟ್ಟಿಗೆ ಅಲ್ಲ. ದೂರದಲ್ಲಿರುವ ಪ್ರಾಣಿಯ ಮುಖ ಲೆನ್ಸ್‌ಗೆ ಸಿಗುತ್ತದೆ, ಅದರ ಹೆಜ್ಜೆಯ ಸಪ್ಪಳ ಮೈಕಿಗೆ ಸಿಗುವುದಿಲ್ಲ. ಅದನ್ನು ಆಮೇಲೆ ಸ್ಟುಡಿಯೊದಲ್ಲಿ ಹುಟ್ಟಿಸುತ್ತಾರೆ. ಈ ಕೆಲಸಕ್ಕೆ ಫೋಲಿ ಎಂದು ಹೆಸರು. ಹಿಮಕರಡಿ ಹಿಮದ ಮೇಲೆ ನಡೆಯುವ ಕರಕರ ಸದ್ದಿಗೆ, ಕಾಲುಚೀಲದಂಥ ತೆಳು ಬಟ್ಟೆಯೊಳಗೆ ಕಸ್ಟರ್ಡ್ ಪುಡಿ ತುಂಬಿ ಹಿಚುಕುವುದು ಈ ಕಸುಬಿನ ಪ್ರಸಿದ್ಧ ಉಪಾಯ. ಒಮ್ಮೆ ಬೇಟೆಯ ದೃಶ್ಯ ಬಂದಾಗ ಟಿವಿಯ ಸದ್ದನ್ನು ಪೂರ್ತಿ ಇಳಿಸಿ ನೋಡಿ. ನಮ್ಮ ಎದೆಬಡಿತದಲ್ಲಿ ಹಿನ್ನೆಲೆ ಸಂಗೀತದ ಪಾಲೆಷ್ಟು, ಪ್ರಾಣಿಯ ಪಾಲೆಷ್ಟು ಎಂಬುದು ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಈಚಿನ ಚಿತ್ರಗಳಲ್ಲಿ ಸಂಗೀತ ಅತಿಯಾಯಿತು.

ಜೋಡಣೆಯಲ್ಲೂ ಜಾಣತನವಿದೆ. 'ಪ್ಲಾನೆಟ್ ಅರ್ಥ್ 2'ರಲ್ಲಿ ಗಲಾಪಗೋಸ್ ದ್ವೀಪದ ಮರಿ ಇಗ್ವಾನಾವೊಂದನ್ನು ಹತ್ತಾರು ಹಾವುಗಳು ಅಟ್ಟಿಸಿಕೊಂಡು ಬರುತ್ತವೆ. ಲೋಕವೇ ಬೆರಗಾಗಿ ನೋಡಿದ ದೃಶ್ಯ ಅದು. ಬೇರೆ ಬೇರೆ ಇಗ್ವಾನಾಗಳ ತುಣುಕುಗಳನ್ನು ಸೇರಿಸಿ ಆ ಓಟವನ್ನು ಹೆಣೆದದ್ದೆಂದು ತಯಾರಕರೇ ಹೇಳಿದ್ದಾರೆ. ಮರಿಗಳು ಓಡಿದ್ದು ನಿಜ, ಹಾವುಗಳು ಬೆನ್ನುಹತ್ತಿದ್ದೂ ನಿಜ. 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ಹಿಮಕರಡಿ ಮರಿಗಳನ್ನು ಗುಹೆಯೊಳಗೆ ತೋರಿಸಿದ್ದು ಮೃಗಾಲಯವೊಂದರಲ್ಲಿ ತೆಗೆದ ಚಿತ್ರ. 2011ರಲ್ಲಿ ಅದು ದೊಡ್ಡ ಚರ್ಚೆಯಾಯಿತು. ಕಾಡಿನ ಗುಹೆಗೆ ನುಗ್ಗಿದ್ದರೆ ಮರಿಗಳಿಗೂ ಕ್ಯಾಮೆರಾದವರಿಗೂ ಅಪಾಯವಿತ್ತು ಎಂಬುದು ತಯಾರಕರ ವಾದ. ಒಪ್ಪುವ ಮಾತೇ. ಆದರೆ ಅದನ್ನು ನಿರೂಪಣೆಯಲ್ಲೇ ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಶುದ್ಧ ಮೋಸವೂ ನಡೆದಿದೆ. ಡಿಸ್ನಿಯ 1958ರ 'ವೈಟ್ ವೈಲ್ಡರ್ನೆಸ್' ಆಸ್ಕರ್ ಗೆದ್ದ ಚಿತ್ರ. ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಹಿಂಡುಹಿಂಡಾಗಿ ನೀರಿಗೆ ಹಾರುವುದನ್ನು ಅದು ತೋರಿಸಿತು. ಪ್ರಾಣಿಗಳನ್ನು ಬೇರೆಡೆಯಿಂದ ಕೊಂಡು ತಂದು, ಬಂಡೆಯ ಮೇಲಿಂದ ತಳ್ಳಿದ್ದರೆಂದು 1982ರಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದು ಬಯಲು ಮಾಡಿತು. ಲೆಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂಬ ಸುಳ್ಳು ಮಾತ್ರ ಇಂದಿಗೂ ಸತ್ತಿಲ್ಲ.

ಇಂದಿನ ಹೊಸ ತಲೆನೋವು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಎಐ ವಿಡಿಯೊಗಳು. ಚಿರತೆ ಬಂದು ಅಜ್ಜಿಯ ಮಡಿಲಲ್ಲಿ ಮಲಗುವುದು, ಆನೆ ಮಗುವನ್ನು ಪ್ರವಾಹದಿಂದ ಎತ್ತುವುದು, ಇಂಥವು. ಎಲ್ಲಿ ತೆಗೆದದ್ದು, ಯಾರು ತೆಗೆದದ್ದು ಎಂಬ ವಿವರ ಇಲ್ಲದಿದ್ದರೆ ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಒಳ್ಳೆಯ ಸಾಕ್ಷ್ಯಚಿತ್ರ ಇದಕ್ಕೆ ತದ್ವಿರುದ್ಧ. ಬಿಬಿಸಿಯ ದೊಡ್ಡ ಸರಣಿಗಳ ಕಂತುಗಳ ಕೊನೆಯಲ್ಲಿ ಸುಮಾರು ಹತ್ತು ನಿಮಿಷ, ಆ ಚಿತ್ರ ಹೇಗೆ ತೆಗೆದರು ಎಂಬುದನ್ನೇ ತೋರಿಸುತ್ತಾರೆ. ಮುಗಿಯಿತೆಂದು ಎದ್ದು ಹೋಗಬೇಡಿ. ಮಕ್ಕಳಿದ್ದರೆ ಆ ಭಾಗವನ್ನೇ ಮೊದಲು ತೋರಿಸಿ. ಬೇಟೆಯ ರಕ್ತ ಕಂಡು ಹೆದರುವ ಮಗುವಿಗೆ ಮುಂದೆ ಬರುವುದೇನೆಂದು ಮೊದಲೇ ಗೊತ್ತಿರುತ್ತದೆ.

ಖರ್ಚಿನ ಮಾತಿಗೆ ಬರೋಣ. ಮನೆಯಲ್ಲಿ ಕೇಬಲ್ ಅಥವಾ ಡಿಶ್ ಇದ್ದರೆ ಡಿಸ್ಕವರಿ ವಾಹಿನಿಯನ್ನು ಕೇಳಿ ಹಾಕಿಸಿಕೊಳ್ಳಿ. ಇಂಗ್ಲಿಷ್ ಅಥವಾ ಹಿಂದಿ ಬರುತ್ತಿದ್ದರೆ ರಿಮೋಟ್‌ನಲ್ಲಿ ಆಡಿಯೊ ಅಥವಾ ಲ್ಯಾಂಗ್ವೇಜ್ ಗುಂಡಿ ಒತ್ತಿ, ಕನ್ನಡ ಇದೆಯೇ ನೋಡಿ. ಎಷ್ಟೋ ಜನ ಈ ಗುಂಡಿಯನ್ನೇ ಮುಟ್ಟಿರುವುದಿಲ್ಲ. ಮೊಬೈಲ್‌ನಲ್ಲಿ ನೋಡುವವರಿಗೆ ಚಂದಾ ಹಣಕ್ಕಿಂತ ಡೇಟಾ ದುಬಾರಿಯಾಗಬಹುದು. ನೆಟ್‌ಫ್ಲಿಕ್ಸ್‌ನ ಲೆಕ್ಕದಂತೆ ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ 1 ಜಿಬಿವರೆಗೆ, ಎಚ್‌ಡಿ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ತಿನ್ನುತ್ತದೆ. ಆರಿಂಚಿನ ಪರದೆಗೆ 4ಕೆ ಬೇಕಿಲ್ಲ. ಮನೆಯಲ್ಲಿ ವೈಫೈ ಇದ್ದರೆ ಡೌನ್‌ಲೋಡ್ ಮಾಡಿಟ್ಟುಕೊಂಡು ಬಸ್ಸಿನಲ್ಲಿ ನೋಡಿ.

ದೊಡ್ಡ ಟಿವಿ ಇರುವವರು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಚಿತ್ರದ ಆಯ್ಕೆ 'ವಿವಿಡ್' ಎಂದಿದ್ದರೆ 'ಸಿನಿಮಾ'ಕ್ಕೆ ಬದಲಿಸಿ. 'ವಿವಿಡ್' ಎಂಬುದು ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲೆಂದು ಇಟ್ಟ ಬಣ್ಣ. ಅದರಲ್ಲಿ ಒಣಹುಲ್ಲೂ ಹಸಿರಾಗಿ ಕಾಣುತ್ತದೆ.

ಯಾವುದರಿಂದ ಶುರುಮಾಡುವುದು? ಕನ್ನಡದಲ್ಲಿ ಬೇಕೆಂದರೆ 'ವೈಲ್ಡ್ ಕರ್ನಾಟಕ'. ಕನ್ನಡ ನಿರೂಪಣೆ ರಿಷಬ್ ಶೆಟ್ಟಿಯವರದ್ದು, ಇಂಗ್ಲಿಷಿನದ್ದು ಡೇವಿಡ್ ಅಟೆನ್‌ಬರೊ ಅವರದ್ದು. ಇಂಗ್ಲಿಷ್ ನಿರೂಪಣೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಇದೆ, ಅದರಲ್ಲಿ ಪ್ರಾಣಿಗಳಿಗಿಂತ ಪ್ರವಾಸ ಹೆಚ್ಚು. ಮೈಸೂರಿನ ಕೃಪಾಕರ–ಸೇನಾನಿ ಜೋಡಿಯ ಹೆಸರನ್ನು ನೆನಪಿಟ್ಟುಕೊಳ್ಳಿ. ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ತೆಗೆದ ಅವರ 'ದಿ ಪ್ಯಾಕ್' 2010ರಲ್ಲಿ ಹಸಿರು ಆಸ್ಕರ್ ಎನ್ನುವ ಪಾಂಡಾ ಪ್ರಶಸ್ತಿ ಪಡೆಯಿತು. ಪುಕ್ಕಟೆ ಬೇಕೆಂದರೆ ಯೂಟ್ಯೂಬ್‌ನಲ್ಲಿ ಬಿಬಿಸಿ ಅರ್ಥ್ ಚಾನೆಲ್ಲಿದೆ. ನೆಟ್‌ಫ್ಲಿಕ್ಸ್ ಕೂಡ ತನ್ನ 'ಅವರ್ ಪ್ಲಾನೆಟ್' ಸರಣಿಯನ್ನು 2020ರಲ್ಲಿ ಅಲ್ಲಿಯೇ ಉಚಿತವಾಗಿ ಹಾಕಿತು.

ಸಂಕಲನವೂ ಸಂಗೀತವೂ ಬೇಡವೆನಿಸಿದರೆ ಲೈವ್ ಕ್ಯಾಮೆರಾಗಳಿವೆ. ಎಕ್ಸ್‌ಪ್ಲೋರ್ ಡಾಟ್ ಆರ್ಗ್ ಜಾಲತಾಣದಲ್ಲಿ ಅಲಾಸ್ಕಾದ ಕ್ಯಾಟ್‌ಮೈ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತ ನೇರವಾಗಿ ಕಾಣುತ್ತದೆ. ಜುಲೈನಲ್ಲಿ ಸಾಮನ್ ಮೀನುಗಳು ನೀರಿನೆದುರು ಹಾರುತ್ತವೆ, ಕಂದು ಕರಡಿಗಳು ಬಾಯಿ ತೆರೆದು ಕಾಯುತ್ತವೆ. ಕರಡಿಯಿಂದ ತಪ್ಪಿಸಿಕೊಂಡ ಮೀನುಗಳೇ ಹೆಚ್ಚು, ಸಾಕ್ಷ್ಯಚಿತ್ರದಲ್ಲಿ ಅವನ್ನು ಕತ್ತರಿಸಿರುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಆರು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಏಳೂವರೆ. ಊಟ ಮುಗಿಸಿ ಕೂರಲು ಸರಿಯಾದ ಹೊತ್ತು. ಮಳೆಗಾಲ ಕಳೆಯುವ ಹೊತ್ತಿಗೆ, ಚಳಿನಿದ್ದೆಗೆ ಮುಂಚೆ ಯಾವ ಕರಡಿ ಹೆಚ್ಚು ದಪ್ಪಗಾಗಿದೆ ಎಂದು ಅಲ್ಲಿ ಆನ್‌ಲೈನ್ ಮತದಾನವೂ ನಡೆಯುತ್ತದೆ. 'ಫ್ಯಾಟ್ ಬೇರ್ ವೀಕ್' ಎಂದು ಹುಡುಕಿದರೆ ಸಿಗುತ್ತದೆ. ಇಲ್ಲಿಂದಲೂ ವೋಟು ಹಾಕಬಹುದು, ದುಡ್ಡು ಕೊಡಬೇಕಿಲ್ಲ.