ಬಿಲ್ವವೋ, ಬೇಲವೋ?

ತಂದೆಯವರು ಲಿಂಗೈಕ್ಯರಾದ ವರ್ಷ ಅವರ ಸ್ಮರಣೆಗೆಂದು ಹಿತ್ತಿಲಲ್ಲಿ ನೆಟ್ಟ ಬಿಲ್ವದ ಸಸಿ ಈಗ ಮರವಾಗಿ ಮೊದಲ ಕಾಯಿ ಬಿಟ್ಟಿದೆ. ಕಂಡವರೆಲ್ಲ ಅದು ಬಿಲ್ವವಲ್ಲ ಎನ್ನುತ್ತಾರೆ, ಕಡಿಸಿಬಿಡಬೇಕೆ? ಹೀಗೆ ಕೇಳುತ್ತ ಸದ್ಭಕ್ತರೊಬ್ಬರು ಒಂದು ರೆಂಬೆಯನ್ನೂ ಎರಡು ಹಣ್ಣುಗಳನ್ನೂ ನಮ್ಮ ಬಳಿಗೆ ತಂದಿದ್ದರು. ಈ ಸಂದೇಹ ಅನೇಕರಿಗೆ ಇರುವುದರಿಂದ ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬಿಲ್ವ, ಬೇಲಗಳೆರಡೂ ನಿಂಬೆಯ ಕುಟುಂಬಕ್ಕೆ ಸೇರಿದವು. ಎರಡಕ್ಕೂ ಮುಳ್ಳುಂಟು, ಎರಡರ ಹಣ್ಣಿಗೂ ಗಟ್ಟಿಯಾದ ಚಿಪ್ಪುಂಟು. ಇದು ಸಾಲದೆಂಬಂತೆ ಹಿಂದಿ ಭಾಷಿಕರು ಬಿಲ್ವವನ್ನೇ ‘ಬೇಲ್’ ಎನ್ನುತ್ತಾರೆ; ನಮ್ಮ ಬೇಲ ಅವರಿಗೆ ‘ಕೈಥ್’. ಗೊಂದಲಕ್ಕೆ ಇದೂ ಒಂದು ಕಾರಣ.

ಮೊದಲು ಎಲೆಯನ್ನು ಪರೀಕ್ಷಿಸಬೇಕು. ಬಿಲ್ವಕ್ಕೆ ಸಾಮಾನ್ಯವಾಗಿ ಮೂರು ದಳ, ಅಪರೂಪಕ್ಕೆ ಐದು. ದಳಗಳ ತುದಿ ಚೂಪು. ನಡುವಿನ ದಳದ ತೊಟ್ಟು ಮಿಕ್ಕೆರಡಕ್ಕಿಂತ ಉದ್ದ. ಬೇಲದಲ್ಲಿ ಐದೋ ಏಳೋ ಕಿರುದಳಗಳು. ಅವು ಎದುರುಬದುರಾಗಿ ಜೋಡಿಗೊಂಡು ತುದಿಯಲ್ಲಿ ಒಂದು ಒಂಟಿಯಾಗಿರುತ್ತದೆ. ಹಿಸುಕಿದರೆ ಸೋಂಪಿನಂತಹ ಪರಿಮಳ ಬರುತ್ತದೆ.

ಅನಂತರ ಹಣ್ಣು. ಬಿಲ್ವದ ಚಿಪ್ಪು ನುಣುಪು, ಮಾಗಿದಾಗ ಹಳದಿ; ತಿರುಳು ಹಳದಿ, ಸಿಹಿ, ಸುವಾಸನೆಯುಳ್ಳದ್ದು; ಬೀಜಗಳು ಅಂಟಿನೊಳಗೆ ಹುದುಗಿರುತ್ತವೆ. ಬೇಲದ ಚಿಪ್ಪು ಬೂದುಬಿಳುಪು, ಒರಟು. ತಿರುಳು ಕಂದು ಬಣ್ಣದ್ದು, ಹುಳಿ. ಬಿಲ್ವದ ಹಣ್ಣು ಮಾಗುವ ಬೇಸಿಗೆಯಲ್ಲಿ ಮರವು ಎಲೆ ಉದುರಿಸುವುದರಿಂದ ಎಲೆಯನ್ನು ಮೊದಲೇ ನೋಡಿಟ್ಟುಕೊಳ್ಳುವುದು ಲೇಸು.

ಎಲೆಯಿಂದ ಮರ ಯಾವುದೆಂದು ತಿಳಿಯಬಹುದು. ತಳಿಯನ್ನು ನಿರ್ಧರಿಸಲು ಅದೊಂದೇ ಸಾಲದು. ಹಣ್ಣಿನ ಆಕಾರ, ತೂಕ, ಚಿಪ್ಪಿನ ದಪ್ಪ, ನಾರು, ಬೀಜಗಳ ಪ್ರಮಾಣ ಇವೆಲ್ಲವನ್ನೂ ನೋಡಬೇಕು. ಪಂತನಗರದ ಕೃಷಿ ವಿಶ್ವವಿದ್ಯಾಲಯವು ಹೊರತಂದ ‘ಪಂತ್ ಅಪರ್ಣಾ’ ಎಂಬ ಬಿಲ್ವಕ್ಕೆ ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಇಂತಹ ತಳಿಗಳು ಕಸಿಯಿಂದಷ್ಟೇ ಯಥಾವತ್ತಾಗಿ ಮುಂದುವರಿಯುತ್ತವೆ. ಬೀಜದಿಂದ ಹುಟ್ಟಿದ ಗಿಡ ತಾಯಿಮರವನ್ನೇ ಹೋಲಬೇಕೆಂದಿಲ್ಲ. ಆದ್ದರಿಂದ ಬೀಜದಿಂದೆದ್ದ ಊರಮರಗಳಿಗೆ ತಳಿಯ ಹೆಸರು ಹುಡುಕಿ ಫಲವಿಲ್ಲ.

ಆ ಭಕ್ತರು ತಂದ ರೆಂಬೆಯಲ್ಲಿ ಎಲೆಗೆ ಏಳು ದಳಗಳಿದ್ದವು. ಹಣ್ಣಿನ ತಿರುಳು ಕಂದಾಗಿ ಹುಳಿಯಾಗಿತ್ತು. ಅದು ಬೇಲವೇ. ಅವರ ಮುಖ ಬಾಡಿತು. ‘ಕಡಿಸಬೇಡಿ’ ಎಂದೆವು. ಸಸಿಯ ಹೆಸರು ತಪ್ಪಿತ್ತೇ ಹೊರತು ನೆಟ್ಟವರ ಭಾವ ತಪ್ಪಿರಲಿಲ್ಲ. ಬೆಲ್ಲ ಬೆರೆಸಿದ ಬೇಲದ ಪಾನಕ ಬಿಸಿಲಲ್ಲಿ ಬಂದವರ ದಾಹ ತಣಿಸಿದರೆ ಅದೂ ತಂದೆಯವರ ಹೆಸರಿನ ದಾಸೋಹವೇ. ಪೂಜೆಯ ಪತ್ರೆಗೆ ಪಕ್ಕದಲ್ಲೊಂದು ಬಿಲ್ವವನ್ನು ನೆಡಲಿ. ಈ ಬಾರಿ ದಳಗಳನ್ನು ಎಣಿಸಿ ತರಲಿ.